ಏಪ್ರಿಲ್‌ನ ಸಿನಿಮಾ, ನವೆಂಬರ್‌ನ ಕಾಡು

(‘ಕ್ಯಾಪ್ಟನ್ ಪ್ರಭಾಕರನ್’ ತಮಿಳು ಚಿತ್ರದ ಪ್ರದರ್ಶನಕ್ಕೆ ಮುನ್ನ ಆಡಿದ ಮಾತುಗಳ ಬರಹ ರೂಪ)

ಎರಡು ತಾರೀಖುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಒಂದು 1991ರ ಏಪ್ರಿಲ್ 14, ತಮಿಳರ ಹೊಸ ವರ್ಷದ ದಿನ. ಅಂದು ‘ಕ್ಯಾಪ್ಟನ್ ಪ್ರಭಾಕರನ್’ ಬಿಡುಗಡೆಯಾಯಿತು. ಇನ್ನೊಂದು ಅದೇ ವರ್ಷದ ನವೆಂಬರ್ 10. ಅಂದು ನಮ್ಮ ಅರಣ್ಯ ಇಲಾಖೆಯ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಗೋಪಿನಾಥಂ ಬಳಿಯ ಕಾಡಿನಲ್ಲಿ ವೀರಪ್ಪನ್ ಕೊಂದ. ಸಿನಿಮಾ ಶುರುವಾಗುವುದು ಪ್ರಾಮಾಣಿಕ ಅರಣ್ಯಾಧಿಕಾರಿಯೊಬ್ಬನನ್ನು ಗಂಧಗಳ್ಳ ಕೊಲ್ಲುವುದರಿಂದ. ಏಪ್ರಿಲ್‌ನಲ್ಲಿ ಪರದೆಯ ಮೇಲೆ ಕಂಡದ್ದು ನವೆಂಬರ್‌ನಲ್ಲಿ ಪತ್ರಿಕೆಯ ಮೊದಲ ಪುಟಕ್ಕೆ ಬಂತು.

ಭವಿಷ್ಯ ನುಡಿದ ಚಿತ್ರ ಎಂದು ಇದನ್ನು ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1987ರಲ್ಲೇ ಸತ್ಯಮಂಗಲದ ಕಡೆ ಚಿದಂಬರಂ ಎಂಬ ಅರಣ್ಯಾಧಿಕಾರಿಯನ್ನು ವೀರಪ್ಪನ್ ಕೊಂದಿದ್ದ. 1990ರಲ್ಲಿ ನಮ್ಮ ಪೊಲೀಸರ ಮೇಲೂ ಬಿದ್ದಿದ್ದ. ನಿರ್ದೇಶಕ ಆರ್.ಕೆ. ಸೆಲ್ವಮಣಿ ಜ್ಯೋತಿಷ್ಯ ಹೇಳಲಿಲ್ಲ, ಪತ್ರಿಕೆ ಓದಿದರು. ಹಿಂದಿನ ವರ್ಷ ಅವರು ತೆಗೆದ ‘ಪುಲನ್ ವಿಸಾರಣೈ’ ಕೂಡ ಹಾಗೆಯೇ, ಮದ್ರಾಸನ್ನು ನಡುಗಿಸಿದ ಆಟೋ ಶಂಕರ್ ಪ್ರಕರಣದಿಂದ ಹುಟ್ಟಿದ್ದು. ಸುದ್ದಿ ತಣ್ಣಗಾಗುವ ಮೊದಲೇ ಅದನ್ನು ಸಿನಿಮಾ ಮಾಡುವ ಚಟ ಅವರದು. ಮುಂದೆ ರಾಜೀವ್ ಗಾಂಧಿ ಹತ್ಯೆಯ ಹಿನ್ನೆಲೆಯಲ್ಲಿ ‘ಕುಟ್ರಪ್ಪತ್ತಿರಿಕೈ’ ತೆಗೆದು ಸೆನ್ಸಾರಿನಲ್ಲಿ ಸಿಕ್ಕಿಹಾಕಿಕೊಂಡರು. ಅದು ತೆರೆ ಕಂಡದ್ದು 2007ರಲ್ಲಿ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಕೊಳ್ಳೇಗಾಲದಲ್ಲಿ, ಗಾಂಧಿ ಕ್ಲಾಸಿನ ಬೆಂಚಿನ ಮೇಲೆ. ಆ ಊರಿಗೆ ತಮಿಳು ಪರಭಾಷೆಯಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಮಾದಪ್ಪನ ಜಾತ್ರೆಯಲ್ಲಿ ಕಿವಿಗೆ ಬೀಳುವ ಭಾಷೆ. ಕಾಡು, ಗಂಧ, ಭ್ರಷ್ಟ ಅಧಿಕಾರಿ, ಗುಂಡಿನ ಸದ್ದು, ಇವು ಯಾವುದಕ್ಕೂ ಅಲ್ಲಿ ಅನುವಾದ ಬೇಕಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ದೊಡ್ಡವರೊಬ್ಬರು ಇಂಟರ್ವಲ್‌ನಲ್ಲಿ, “ಇದು ನಮ್ಮ ಬೆಟ್ಟ ಅಲ್ಲ ಕಣಪ್ಪಾ, ಇಷ್ಟು ಹಸಿರು ನಮ್ಮಲ್ಲಿ ಎಲ್ಲಿದೆ” ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಚಿತ್ರೀಕರಣ ನಡೆದದ್ದು ಕೇರಳದ ಚಾಲಕ್ಕುಡಿ ಕಡೆಯ ಕಾಡಿನಲ್ಲಿ. ನೀವು ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಗೋಪಿನಾಥದ ಕಡೆ ಹೋಗಿದ್ದರೆ ನಿಮಗೆ ಗೊತ್ತು. ಅದು ಒಣ ಕುರುಚಲು, ಬಿದಿರು, ಕಲ್ಲುಬಂಡೆ, ಬೇಸಿಗೆಯಲ್ಲಿ ಕಣ್ಣು ಚುಚ್ಚುವ ಬಿಸಿಲು. ಜಲಪಾತದ ಕೆಳಗೆ ನಾಯಕ ನಿಂತು ಹೊಡೆದಾಡುವ ಕಾಡಲ್ಲ. ಗಂಧದ ಮರ ಚೆನ್ನಾಗಿ ಬರುವುದು ಇಂಥ ಒಣ ನೆಲದಲ್ಲೇ ಎನ್ನುವುದು ಸಿನಿಮಾದವರಿಗೆ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಕಣ್ಣಿಗೆ ತುಂಬುವ ಕಾಡು. ಆ ಮಟ್ಟಿಗೆ ಛಾಯಾಗ್ರಹಣ ಸೊಗಸಾಗಿದೆ.

ಈಗ ನಾಯಕನ ಬಗ್ಗೆ. ವಿಜಯಕಾಂತ್ ಅವರ ಮೂಲ ಹೆಸರು ವಿಜಯರಾಜ್, ಹುಟ್ಟಿದ್ದು 1952ರ ಆಗಸ್ಟ್ 25ರಂದು, ಮದುರೆಯ ಕಡೆಯವರು. ತಂದೆಯ ಅಕ್ಕಿ ಗಿರಣಿಯಲ್ಲಿ ದುಡಿದವರು. ಬಣ್ಣ ಕಪ್ಪು, ಮುಖ ಸಾಮಾನ್ಯ, ನಾಯಕನಿಗೆ ಬೇಕೆಂದು ನಿರ್ಮಾಪಕರು ಆಗ ನಂಬಿದ್ದ ಲಕ್ಷಣ ಒಂದೂ ಇಲ್ಲ. ಇದ್ದದ್ದು ಕಾಲು. ಗೋಡೆಗೋ ಕಂಬಕ್ಕೋ ಒಂದು ಕಾಲು ಊರಿ, ಮೈ ತಿರುಗಿಸಿ ಇನ್ನೊಂದು ಕಾಲಿನಲ್ಲಿ ಒದೆಯುವ ವರಸೆ ಅವರಿಗೇ ಸೇರಿದ್ದು. ನಾವೆಲ್ಲ ಶಾಲೆಯ ಕಾಂಪೌಂಡಿನಲ್ಲಿ ಅದನ್ನು ಅಭ್ಯಾಸ ಮಾಡಿ ಮೊಣಕಾಲು ಒಡೆದುಕೊಂಡಿದ್ದೇವೆ. ತಮಿಳು ಬಿಟ್ಟು ಬೇರೆ ಭಾಷೆಯ ಚಿತ್ರದಲ್ಲಿ ಅವರು ನಟಿಸಲೇ ಇಲ್ಲ.

ಅವರಿಗೆ ಇದು 100ನೆಯ ಚಿತ್ರ. ತಮಿಳು ಚಿತ್ರರಂಗದಲ್ಲಿ ನೂರರ ಬಗ್ಗೆ ಒಂದು ಅಳುಕಿತ್ತು. ಕಮಲ್ ಹಾಸನ್ ಅವರ ನೂರನೆಯದು ‘ರಾಜ ಪಾರ್ವೈ’, 1981. ರಜನಿಕಾಂತ್ ಅವರದು ‘ಶ್ರೀ ರಾಘವೇಂದ್ರ’, 1985. ನಮ್ಮ ಮಂತ್ರಾಲಯದ ಗುರುಗಳ ಕಥೆ, ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದವರು ಭಕ್ತಿಯಿಂದ ಮಾಡಿದ ಪಾತ್ರ. ಎರಡೂ ಗಲ್ಲಾಪೆಟ್ಟಿಗೆಯಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ಅವರಿಬ್ಬರೂ ನೂರನೆಯದರಲ್ಲಿ ತಮ್ಮ ಮನಸ್ಸಿಗೆ ಬಂದ ಬೇರೆ ಬಗೆಯ ಚಿತ್ರಕ್ಕೆ ಕೈ ಹಾಕಿದರು. ವಿಜಯಕಾಂತ್ ಮತ್ತು ಅವರ ಗೆಳೆಯ, ನಿರ್ಮಾಪಕ ಇಬ್ರಾಹಿಂ ರಾವುತರ್ ಜನಕ್ಕೆ ಬೇಕಾದದ್ದನ್ನೇ ಇನ್ನೂ ದೊಡ್ಡದಾಗಿ ಕೊಟ್ಟರು. ಗೆದ್ದರು. ಅಂದಿನಿಂದ ವಿಜಯಕಾಂತ್ ಸಾಯುವವರೆಗೂ ‘ಕ್ಯಾಪ್ಟನ್’. 2005ರಲ್ಲಿ ಪಕ್ಷ ಕಟ್ಟಿದಾಗಲೂ, 2011ರಲ್ಲಿ ತಮಿಳುನಾಡಿನ ವಿರೋಧ ಪಕ್ಷದ ನಾಯಕರಾದಾಗಲೂ, 2023ರ ಡಿಸೆಂಬರ್‌ನಲ್ಲಿ ಚೆನ್ನೈಯ ಬೀದಿಗಳು ತುಂಬಿ ಅವರನ್ನು ಕಳುಹಿಸಿಕೊಟ್ಟಾಗಲೂ ಅದೇ ಹೆಸರು. ಸಿನಿಮಾದ ಒಳಗೆ ಆತ ಅರಣ್ಯ ಸೇವೆಯ ಅಧಿಕಾರಿ. ಅರಣ್ಯ ಸೇವೆಯಲ್ಲಿ ಕ್ಯಾಪ್ಟನ್ ಎಂಬ ಹುದ್ದೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನೀವೂ ಕೇಳಬೇಡಿ.

‘ಪ್ರಭಾಕರನ್’ ಎಂಬ ಹೆಸರು ಮಾತ್ರ ಆಕಸ್ಮಿಕವಲ್ಲ, ಅದು ಶ್ರೀಲಂಕಾದ ಎಲ್‌ಟಿಟಿಇ ನಾಯಕನ ಹೆಸರು. ಈಳಂ ಹೋರಾಟದ ಬಗ್ಗೆ ವಿಜಯಕಾಂತ್‌ಗೆ ಇದ್ದ ಒಲವು ಗುಟ್ಟಾಗಿರಲಿಲ್ಲ. ಮಗನಿಗೂ ವಿಜಯ ಪ್ರಭಾಕರನ್ ಎಂದೇ ಹೆಸರಿಟ್ಟರು. ಚಿತ್ರ ಬಿಡುಗಡೆಯಾಗಿ 37 ದಿನಕ್ಕೆ, ಮೇ 21ರಂದು, ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ತಮಿಳುನಾಡಿನಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಲು ಜನ ಹಿಂಜರಿಯುವ ಕಾಲ ಬಂತು. ಪೋಸ್ಟರುಗಳಲ್ಲಿ ಮಾತ್ರ ಅದು ದಪ್ಪ ಅಕ್ಷರಗಳಲ್ಲಿ ಹಾಗೆಯೇ ಇತ್ತು.

ವಿಷಯಕ್ಕೆ ಬರೋಣ, ಕಳ್ಳನ ವಿಷಯಕ್ಕೆ. ವೀರಪ್ಪನ್ ಹುಟ್ಟಿದ್ದೂ 1952ರಲ್ಲೇ, ಜನವರಿಯಲ್ಲಿ, ಗೋಪಿನಾಥದಲ್ಲಿ. ನಾಯಕ ನಟನಿಗೂ ಅವನು ಬೇಟೆಯಾಡಿದ ಕಳ್ಳನ ಮೂಲಪುರುಷನಿಗೂ ಒಂದೇ ವಯಸ್ಸು. ಊರು ಕರ್ನಾಟಕದ್ದು, ಮನೆಮಾತು ತಮಿಳು, ಒಂದು ಮಗ್ಗುಲಲ್ಲಿ ಕಾವೇರಿ, ಆಚೆ ದಡ ತಮಿಳುನಾಡು. 1986ರಲ್ಲಿ ಅವನು ಒಮ್ಮೆ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ಬಂಗಲೆಯಿಂದ ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ ಎನ್ನುವುದಕ್ಕೆ ಚಾಮರಾಜನಗರದ ಕಡೆ ಊರಿಗೊಂದು ಕಥೆ ಇದೆ. ಎಲ್ಲ ಕಥೆಗಳಲ್ಲೂ ಹಣ ಬರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮೆಲ್ಲರ ಕಣ್ಣ ಮುಂದಿರುವ ವೀರಪ್ಪನ್, ಆ ಹಂಚಿಕಡ್ಡಿ ಮೈ, ಮುಖಕ್ಕಿಂತ ದೊಡ್ಡ ಮೀಸೆ, ಆ ಚಿತ್ರಗಳು ‘ನಕ್ಕೀರನ್’ ಪತ್ರಿಕೆಯಲ್ಲಿ ಪ್ರಕಟವಾದದ್ದು 1993ರಲ್ಲಿ. ಸಿನಿಮಾ ಬಂದಾಗ ಜನಸಾಮಾನ್ಯರಿಗೆ ಅವನ ಮುಖವೇ ಸರಿಯಾಗಿ ಗೊತ್ತಿರಲಿಲ್ಲ. ಹೆಸರಿತ್ತು, ಭಯವಿತ್ತು, ಮುಖವಿರಲಿಲ್ಲ. ಆ ಖಾಲಿ ಜಾಗಕ್ಕೆ ಸೆಲ್ವಮಣಿ ಮನ್ಸೂರ್ ಅಲಿ ಖಾನ್ ಎಂಬ ಹೆಚ್ಚು ಪರಿಚಯವಿಲ್ಲದ ನಟನನ್ನು ತಂದು ನಿಲ್ಲಿಸಿದರು. ಎತ್ತರದ ಆಳು, ಅಗಲ ಎದೆ, ಉರಿಯುವ ಕಣ್ಣು, ಮಾತಿನಲ್ಲಿ ಒಂದು ಬಗೆಯ ಹುಚ್ಚು ಲಯ. ಪಾತ್ರದ ಹೆಸರು ವೀರಭದ್ರನ್. ಎರಡು ವರ್ಷ ನಮ್ಮಂಥ ಹುಡುಗರ ತಲೆಯಲ್ಲಿ ವೀರಪ್ಪನ್ ಎಂದರೆ ಮನ್ಸೂರ್ ಅಲಿ ಖಾನ್. ನಿಜವಾದ ಫೋಟೋ ಬಂದಾಗ, “ಇಷ್ಟೇನಾ” ಎಂದು ಬೇಸರಪಟ್ಟವರನ್ನು ನಾನು ಕಂಡಿದ್ದೇನೆ. ಇಷ್ಟು ಸಣಕಲನನ್ನು ಹಿಡಿಯಲು ಎರಡು ರಾಜ್ಯಗಳ ಪಡೆ ಯಾಕೆ ಸೋಲುತ್ತಿದೆ ಎಂದು ಅವರು ಕೇಳುತ್ತಿದ್ದರು. ಸಿನಿಮಾದ ವಿಲನ್‌ನ ಬಲ ಮೈಯಲ್ಲಿತ್ತು. ಇವನ ಬಲ ಎಲ್ಲಿದೆ ಎಂದು ತೋರಿಸಲು ಫೈಟ್ ಮಾಸ್ಟರ್‌ನಿಂದ ಆಗುವುದಿಲ್ಲ.

ಅದು ಎಲ್ಲಿತ್ತು? ಸ್ವಲ್ಪ ಗಂಧದ ಮರದ ಕಡೆ ಹೋಗಿಬರುತ್ತೇನೆ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ. ಒಡೆಯರು ಬಂದರು, ಬ್ರಿಟಿಷರು ಬಂದರು, ನಮ್ಮದೇ ಸರ್ಕಾರ ಬಂತು, ಆ ಹಿಡಿತ ಸಡಿಲವಾಗಲಿಲ್ಲ. ನಿಮ್ಮ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದಾಗಿತ್ತು. ಕಳುವಾದರೆ ವಿಚಾರಣೆ ಮಾತ್ರ ನಿಮ್ಮದಾಗಿತ್ತು. ಹೀಗಾಗಿ ರೈತರು ಮೊಳಕೆ ಕಂಡರೆ ಸದ್ದಿಲ್ಲದೆ ಕಿತ್ತು ಬಿಸಾಡುತ್ತಿದ್ದರು. ಮರದ ಮೇಲೆ ಬೆಳೆದವನ ಹಕ್ಕನ್ನು ನಮ್ಮ ಕಾನೂನು ಒಪ್ಪಿದ್ದು 2001ರಲ್ಲಿ. ಗಂಧದ ಬೆಲೆ ಇರುವುದು ಹೊರಗಿನ ಬಿಳಿ ಮರದಲ್ಲಲ್ಲ, ಒಳಗಿನ ಚೇಗಿನಲ್ಲಿ, ಬೇರಿನಲ್ಲಿ. ಚೇಗು ಬಲಿಯಲು ದಶಕಗಳು ಬೇಕು. ಕಡಿಯಲು ಒಂದು ರಾತ್ರಿ ಸಾಕು. ಕಡಿಯುವವನು, ಹೊರುವವನು, ಲಾರಿಯವನು, ಚೆಕ್‌ಪೋಸ್ಟಿನಲ್ಲಿ ಕಣ್ಣು ಮುಚ್ಚುವವನು, ದಾಸ್ತಾನು ಮಾಡುವವನು, ಎಣ್ಣೆ ತೆಗೆಯುವವನು, ಇಷ್ಟು ಜನ ಇಲ್ಲದೆ ಕಾಡಿನ ಒಂದು ಕೊರಡೂ ಹಣವಾಗುವುದಿಲ್ಲ. ಬೆಟ್ಟದ ಊರುಗಳ ಕೂಲಿಯವರಿಗೆ ಅದು ಕಳ್ಳತನ ಅನ್ನಿಸಿರಲಿಲ್ಲ. ಹೊತ್ತರೆ ಕೂಲಿ, ಅಷ್ಟೆ. ಇಲಾಖೆಯೂ ಅದೇ ಮರವನ್ನು ಅದೇ ಜನರಿಂದ ಕಡಿಸಿ ಹೊರಿಸುತ್ತಿತ್ತಲ್ಲ!

ಈ ಸರಪಳಿಯ ಮೇಲಿನ ಕೊಂಡಿಯನ್ನು ಸಿನಿಮಾ ಹಿಡಿದಿದೆ. ಅದಕ್ಕೆ ಪೂರ್ತಿ ಅಂಕ ಕೊಡಬೇಕು. ವೀರಭದ್ರನ್ ಒಬ್ಬನೇ ಅಲ್ಲ, ಅವನ ಹಿಂದೆ ಜಿಲ್ಲೆಯ ದೊಡ್ಡ ಅಧಿಕಾರಿಗಳೂ ರಾಜಕಾರಣಿಗಳೂ ಇದ್ದಾರೆ ಎಂದು ಚಿತ್ರ ಎಳ್ಳಷ್ಟೂ ಅಳುಕದೆ ಹೇಳುತ್ತದೆ. ಕೊನೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಅವನು ಬಾಯಿ ಬಿಟ್ಟರೆ ಗತಿಯೇನು ಎಂದು ಹೆದರಿದವರೇ ಅವನ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಪ್ರಭಾಕರನ್ ಅವರನ್ನು ಮುಗಿಸಿ ನ್ಯಾಯಾಲಯದಲ್ಲಿ ನಿಂತು ಉದ್ದದ ಮಾತು ಆಡುತ್ತಾನೆ. ಕಥೆ ಹೇಳಿಬಿಟ್ಟೆ ಎಂದು ಬೈಯಬೇಡಿ, 30 ವರ್ಷ ದಾಟಿದ ಚಿತ್ರ. 2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ಪಡೆ ವೀರಪ್ಪನ್‌ನನ್ನು ಕೊಂದ ಮರುದಿನ ನಮ್ಮ ಕಡೆಯ ಚಹಾ ಅಂಗಡಿಗಳಲ್ಲಿ ಹುಟ್ಟಿದ ಪ್ರಶ್ನೆಯೂ ಅದೇ. ಅವನು ಜೀವಂತ ಸಿಕ್ಕಿದ್ದರೆ ಯಾರ ಯಾರ ಹೆಸರು ಹೇಳುತ್ತಿದ್ದ? 13 ವರ್ಷ ಮೊದಲು ಸಿನಿಮಾದಲ್ಲಿ ಕೇಳಿದ ಪ್ರಶ್ನೆಯನ್ನು ಜನ ಬಾಯಿಪಾಠ ಮಾಡಿಕೊಂಡಿದ್ದರು ಅನ್ನಿಸುತ್ತದೆ.

ಸರಪಳಿಯ ಕೆಳಗಿನ ಕೊಂಡಿಯ ಬಗ್ಗೆ, ಮರ ಹೊತ್ತವರ ಬಗ್ಗೆ, ಚಿತ್ರಕ್ಕೆ ಆಸಕ್ತಿಯಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಶ್ರೀನಿವಾಸ್ ಮಾಡಿದ್ದನ್ನು ಕೇಳಿ. ಆಂಧ್ರದ ರಾಜಮಹೇಂದ್ರಿಯ ಕಡೆಯವರು, 1979ರ ತಂಡದ ಅರಣ್ಯ ಸೇವೆಯ ಅಧಿಕಾರಿ. ವೀರಪ್ಪನ್‌ನ ಬೆನ್ನು ಹತ್ತಿದವರಲ್ಲಿ ಅವರೂ ಒಬ್ಬರು. ಆದರೆ ಅವರು ಗೋಪಿನಾಥಕ್ಕೆ ಹೋಗಿ ಬಿಡಾರ ಹೂಡಿದರು. ಕಳ್ಳನ ಊರಿನಲ್ಲೇ. ಅಲ್ಲಿ ಔಷಧೋಪಚಾರಕ್ಕೆ ಏರ್ಪಾಡು ಮಾಡಿದರು. ಊರಿನವರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಗುಂಪಿನಲ್ಲಿದ್ದವರ ಮನೆಗಳಿಗೆ ಹೋಗಿ ತಾಯಂದಿರ ಹತ್ತಿರ, ಹೆಂಡಂದಿರ ಹತ್ತಿರ ಮಾತನಾಡಿ ಒಬ್ಬೊಬ್ಬರನ್ನೇ ಕಾಡಿನಿಂದ ಹೊರಗೆ ಕರೆತಂದರು. ವೀರಪ್ಪನ್‌ನ ಕೈಯಿಂದ ಜನ ಜಾರತೊಡಗಿದರು. ಅವನಿಗೆ ಗುಂಡಿನ ಹೆದರಿಕೆ ಇರಲಿಲ್ಲ. ಊರು ಕೈತಪ್ಪುತ್ತದೆ ಎಂಬ ಹೆದರಿಕೆ ಇತ್ತು. ಶರಣಾಗುತ್ತೇನೆ ಎಂದು ಅವನ ತಮ್ಮ ಅರ್ಜುನನ ಮೂಲಕ ಕರೆ ಬಂತು. ಶ್ರೀನಿವಾಸ್ ಪಡೆ ಕರೆದುಕೊಂಡು ಹೋಗಲಿಲ್ಲ, ಬಂದೂಕು ಹಿಡಿಯಲಿಲ್ಲ, ನಡೆದು ಹೋದರು. ಅಲ್ಲಿ ಅವರನ್ನು ಗುಂಡಿಟ್ಟು ಕೊಂದು ತಲೆ ಕತ್ತರಿಸಿಕೊಂಡು ಹೋದರು. ಅವರಿಗೆ ಆಗ 37 ವರ್ಷ. ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು. ತಲೆ ಸಿಕ್ಕಿದ್ದು ವರ್ಷಗಳ ಮೇಲೆ.

ಇದನ್ನು ಯಾವ ಆ್ಯಕ್ಷನ್ ಚಿತ್ರದಲ್ಲಿ ತೋರಿಸುತ್ತೀರಿ? ಗುಡಿ ಕಟ್ಟಿಸುವುದು ಫೈಟ್ ಅಲ್ಲ. ಗಂಡನಿಗೆ ಬುದ್ಧಿ ಹೇಳಮ್ಮಾ ಎಂದು ಜಗಲಿಯ ಮೇಲೆ ಗಂಟೆಗಟ್ಟಲೆ ಕೂರುವುದಕ್ಕೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ. ಬಂದೂಕಿಲ್ಲದೆ ನಡೆದು ಹೋಗುವವನನ್ನು ಗಾಂಧಿ ಕ್ಲಾಸಿನವರು ಪೆದ್ದ ಎನ್ನುತ್ತಾರೆ. ನಾನೂ ಎನ್ನುತ್ತಿದ್ದೆ. ಅಂಥ ಅಧಿಕಾರಿಗೆ ಈ ಜಾತಿಯ ಚಿತ್ರದಲ್ಲಿ ಒಂದೇ ಜಾಗ. ಮೊದಲು ಸಾಯುವ ಗೆಳೆಯನ ಜಾಗ. ಅವನು ಸಾಯದಿದ್ದರೆ ನಾಯಕನಿಗೆ ಬರಲು ಕಾರಣವಿಲ್ಲ.

ಕಾಡಿನಲ್ಲಿ ಆಮೇಲೆ ನಡೆದದ್ದು ಸಿನಿಮಾದ ದಾರಿಯೇ. ಪಡೆ ಬಂತು, ಬಂದೂಕು ಬಂತು. 1992ರಲ್ಲಿ ರಾಮಾಪುರ ಠಾಣೆಯ ಮೇಲೆ ವೀರಪ್ಪನ್‌ನ ದಾಳಿ, ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಎಸ್.ಐ. ಶಕೀಲ್ ಅಹ್ಮದ್ ಹತ್ಯೆ, 1993ರ ಏಪ್ರಿಲ್‌ನಲ್ಲಿ ಪಾಲಾರ್ ನೆಲಬಾಂಬು. ಇತ್ತ ಬೆಟ್ಟದ ಶಿಬಿರಗಳಲ್ಲಿ ವಿಚಾರಣೆಗೆಂದು ಹಿಡಿದು ತಂದ ಹಳ್ಳಿಯವರ ಗೋಳು. ಅದನ್ನು ಕೇಳಲು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯೇ ಬರಬೇಕಾಯಿತು. ಅನುಮಾನ ಬಂದವನನ್ನು ನಾಯಕ ಕಂಬಕ್ಕೆ ಒರಗಿಸಿ ಬಾರಿಸಿದರೆ ಪರದೆಯ ಮೇಲೆ ನಿಜ ಹೊರಬೀಳುತ್ತದೆ. ಮಾದಪ್ಪನ ಬೆಟ್ಟದಲ್ಲಿ ಹೊರಬಿದ್ದದ್ದು ಚೀರಾಟ. ಸಿನಿಮಾ ನೋಡಿ ಪೊಲೀಸರು ಕಲಿತರು ಎಂದು ನಾನು ಹೇಳುತ್ತಿಲ್ಲ. ಕಲಿಯಬೇಕಾದ ಅಗತ್ಯ ಅವರಿಗಿರಲಿಲ್ಲ. ಆದರೆ ನಾವು ಶಿಳ್ಳೆ ಹೊಡೆದದ್ದು ಯಾವುದಕ್ಕೆ ಎಂದು ನನಗೆ ನೆನಪಿದೆ.

ತಮಿಳರನ್ನು ಮಾತ್ರ ದೂರಿ ಕೂರುವ ಹಾಗಿಲ್ಲ. ನಮ್ಮಲ್ಲಿ ಅರಣ್ಯಾಧಿಕಾರಿ ನಾಯಕನಾಗಿ 1973ರಲ್ಲೇ ಬಂದಿದ್ದ, ‘ಗಂಧದ ಗುಡಿ’ಯಲ್ಲಿ. ಅಲ್ಲಿಯೂ ಗಂಧಗಳ್ಳರು, ಅಲ್ಲಿಯೂ ಹೊಡೆದಾಟ. ಆದರೆ ರಾಜ್‌ಕುಮಾರ್ ಆ ಕಾಡಿನಲ್ಲಿ ಹಾಡುತ್ತಾ ಬರುತ್ತಾರೆ, ಮರವನ್ನು ನೋಡುತ್ತಾರೆ, ಆನೆಯನ್ನು ನೋಡುತ್ತಾರೆ. ಪ್ರಭಾಕರನ್‌ಗೆ ಕಾಡು ಅಖಾಡ ಮಾತ್ರ. ಆ ರಾಜ್‌ಕುಮಾರ್ ಅವರನ್ನೇ, ಗಂಧದ ಗುಡಿಯ ಅಧಿಕಾರಿಯನ್ನೇ, 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಅದೇ ಗಂಧಗಳ್ಳ ಕರೆದೊಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡ. ಯಾವ ಚಿತ್ರಕಥೆಗಾರನಾದರೂ ಹೀಗೆ ಬರೆದಿದ್ದರೆ ಅತಿಯಾಯಿತು ಎಂದು ನಿರ್ಮಾಪಕ ಆ ಹಾಳೆಯನ್ನು ಹರಿದು ಹಾಕುತ್ತಿದ್ದ.

ಸಂಗೀತದ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಇಳಯರಾಜ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಚಿತ್ರದಲ್ಲಿರುವುದು ಎರಡೇ ಹಾಡು. ಉಳಿದದ್ದೆಲ್ಲ ಹಿನ್ನೆಲೆ ಸಂಗೀತ, ಅದರಲ್ಲೂ ಮೌನ ಬಿಟ್ಟಿರುವ ಜಾಗಗಳನ್ನು ಕೇಳಿ. ‘ಆಟ್ಟಮಾ ತೇರೋಟ್ಟಮಾ’ ಹಾಡಿಗೆ ರಮ್ಯಾ ಕೃಷ್ಣ ಕುಣಿಯುತ್ತಾರೆ, ಜನ ಅದನ್ನೇ ನೆನಪಿಟ್ಟುಕೊಂಡಿದ್ದಾರೆ. ಹಾಡಿದವರು ಸ್ವರ್ಣಲತಾ. ಕೇರಳದಲ್ಲಿ ಹುಟ್ಟಿ ನಮ್ಮ ಭದ್ರಾವತಿಯಲ್ಲಿ ಓದಿ ಬೆಳೆದ ಹುಡುಗಿ, ಆಗ ವಯಸ್ಸು 20 ಕೂಡ ಆಗಿರಲಿಲ್ಲ. 2010ರಲ್ಲಿ ತೀರಿಕೊಂಡಾಗ 37. ಆ ಕಂಠದಲ್ಲಿ ಕುಣಿತದ ಹಾಡಿನಲ್ಲೂ ಎಲ್ಲೋ ಒಂದು ತೇವ ಇರುತ್ತದೆ. ಇದು ನನ್ನ ಕಿವಿಯ ಪಕ್ಷಪಾತವೂ ಇರಬಹುದು.

2025ರ ಆಗಸ್ಟ್‌ನಲ್ಲಿ ಈ ಚಿತ್ರವನ್ನು ತಿದ್ದಿ ತೀಡಿ ಮತ್ತೆ ಬಿಡುಗಡೆ ಮಾಡಿದರು. ಕ್ಯಾಪ್ಟನ್ ಕಾಲು ಎತ್ತಿದ ಕೂಡಲೇ, 1991ರಲ್ಲಿ ಹುಟ್ಟಿರದಿದ್ದ ಹುಡುಗರು ಕುರ್ಚಿ ಬಿಟ್ಟು ಎದ್ದು ನಿಂತರು. ನಾನೂ ಎದ್ದೆ. ಇಷ್ಟೆಲ್ಲ ತಕರಾರು ಇಟ್ಟುಕೊಂಡೂ ಎದ್ದೆ. ಆ ಒದೆತಕ್ಕೆ ಅಂಥ ಶಕ್ತಿ ಇದೆ.

ಗೋಪಿನಾಥದ ಮಾರಿಯಮ್ಮನ ಗುಡಿಯಲ್ಲಿ ಶ್ರೀನಿವಾಸ್ ಅವರ ಪಟ ಇಟ್ಟಿದ್ದಾರೆ. ಊರಿನವರು ಅದಕ್ಕೂ ಕೈ ಮುಗಿಯುತ್ತಾರೆ.

ಈಗ ದೀಪ ಆರಿಸುತ್ತಾರೆ. ವಿಜಯಕಾಂತ್ ಬರುವುದಕ್ಕೆ ತುಸು ಹೊತ್ತು ಹಿಡಿಯುತ್ತದೆ. ಅದಕ್ಕೂ ಮೊದಲು ಶರತ್‌ಕುಮಾರ್ ಇರುವ ಕೆಲವು ದೃಶ್ಯಗಳಿವೆ, ಸಾಯುವ ಅಧಿಕಾರಿಯ ಪಾತ್ರ. ಸಾಮಾನ್ಯವಾಗಿ ಜನ ಆಗ ಪಾಪ್‌ಕಾರ್ನ್ ತರಲು ಹೋಗಿರುತ್ತಾರೆ. ಇವತ್ತು ಕುಳಿತೇ ಇರಿ, ಆ ದೃಶ್ಯಗಳನ್ನು ನೋಡಿ.